‘ದೋ ಉತ್ ದೇಸ್’: ವ್ಯಾಪಾರವೋ, ಮುಯ್ಯಿಯೋ?

‘ನೀನು ಕೊಡಲೆಂದು ನಾನು ಕೊಡುತ್ತೇನೆ’: ‘ದೋ ಉತ್ ದೇಸ್’ ಎಂಬ ಮೂರು ಲ್ಯಾಟಿನ್ ಪದಗಳ ಅರ್ಥ ಇಷ್ಟೆ. ರೋಮನರ ಧರ್ಮವನ್ನೆಲ್ಲ ಈ ಒಂದು ಸೂತ್ರಕ್ಕೆ ಇಳಿಸಿ, ಅವರು ದೇವರೊಡನೆ ವ್ಯಾಪಾರ ಹೂಡಿದವರು, ಭಕ್ತಿಯನ್ನರಿಯದವರು ಎಂದು ತೀರ್ಪು ಕೊಡುವುದುಂಟು. ಈ ತೀರ್ಪನ್ನೇ ಹಿಡಿದು ಲ್ಯಾಟಿನ್ ಕಾವ್ಯವನ್ನು ಓದಹೊರಟವರಿಗೆ ಅದರ ಉತ್ತಮಾಂಶವೇ ಕೈತಪ್ಪೀತು.

ಈ ಮಾತಿನ ತವರು ಕಾನೂನು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ‘ಡೈಜೆಸ್ಟ್’ ಸಂಗ್ರಹದಲ್ಲಿ ಪೌಲಸನೆಂಬ ಕಾನೂನು ಪಂಡಿತನು ಕರಾರುಗಳನ್ನು ನಾಲ್ಕಾಗಿ ವಿಂಗಡಿಸುತ್ತಾನೆ: ನೀನು ಕೊಡಲೆಂದು ನಾನು ಕೊಡುವುದು, ನೀನು ಮಾಡಲೆಂದು ನಾನು ಕೊಡುವುದು, ನೀನು ಕೊಡಲೆಂದು ನಾನು ಮಾಡುವುದು, ನೀನು ಮಾಡಲೆಂದು ನಾನು ಮಾಡುವುದು. ಇಲ್ಲಿ ದೇವರ ಸುದ್ದಿಯೇ ಇಲ್ಲ. ಸೂತ್ರವನ್ನು ಪೂಜೆಗೆ ಅಂಟಿಸಿದವರು ಈಚಿನ ವಿದ್ವಾಂಸರು.

ರೋಮನ್ ಭಕ್ತನ ಸ್ವಂತ ಮಾತು ಬೇಕಾದರೆ ಹರಕೆಯ ಕಲ್ಲುಗಳನ್ನು ಓದಬೇಕು. ಸಾಮ್ರಾಜ್ಯದ ಉದ್ದಗಲಕ್ಕೂ ದೊರೆತಿರುವ ಬಲಿಪೀಠಗಳ ಮೇಲೆ ನಾಲ್ಕಕ್ಷರದ ಸಂಕ್ಷೇಪವೊಂದು ಮತ್ತೆ ಮತ್ತೆ ಕಾಣುತ್ತದೆ: ವಿ, ಎಸ್, ಎಲ್, ಎಂ. ‘ಹರಕೆಯನ್ನು ಸಂತೋಷದಿಂದ, ಸಲ್ಲತಕ್ಕಂತೆ ತೀರಿಸಿದನು’ ಎಂದು ಅದರ ಭಾವ. ಇಲ್ಲಿ ಮೊದಲು ಕೊಟ್ಟವನು ದೇವರು. ಮನುಷ್ಯನು ತೀರಿಸಿದ್ದು ಆಮೇಲೆ. ಸೂತ್ರದ ಕ್ರಮವೇ ತಿರುಗಿತಷ್ಟೆ! ‘ಸಂತೋಷದಿಂದ’ ಎಂಬ ಮಾತಂತೂ ಸಾಲಪತ್ರದ ಭಾಷೆಯಲ್ಲ.

ಕ್ರಿ. ಪೂ. ಮೊದಲನೆಯ ಶತಮಾನದ ಕವಿ ಕಟಲ್ಲಸನ 76ನೆಯ ಕವನ ಇದಕ್ಕೆ ಒರೆಗಲ್ಲು. ಪ್ರೇಯಸಿಗೆ ಸಲ್ಲಿಸಿದ ನಿಷ್ಠೆ ವ್ಯರ್ಥವಾಗಿದೆ. ಅವಳು ಮರಳಿ ಪ್ರೀತಿಸಲೆಂದು ಅವನು ಈಗ ಕೇಳುವುದಿಲ್ಲ. ರೋಗದಂತೆ ಹತ್ತಿದ ಈ ಪ್ರೇಮದಿಂದ ಬಿಡುಗಡೆಯನ್ನು, ತನ್ನ ಧರ್ಮನಿಷ್ಠೆಗೆ ಪ್ರತಿಯಾಗಿ, ದೇವತೆಗಳಲ್ಲಿ ಬೇಡುತ್ತಾನೆ. ಲೆಕ್ಕ ಒಪ್ಪಿಸುವ ಧಾಟಿ ಇದೆ, ನಿಜ. ಆದರೆ ಬೇಡಿದ್ದು ಸಿಕ್ಕಿದರೆ ಇಂಥದನ್ನು ಅರ್ಪಿಸುವೆನೆಂಬ ಮಾತೇ ಇಲ್ಲ. ವ್ಯಾಪಾರಿಯಾಗಿದ್ದರೆ ನಷ್ಟವನ್ನು ಬರೆದು ಪುಸ್ತಕ ಮುಚ್ಚುತ್ತಿದ್ದ. ಇವನಿಗೆ ಮುಚ್ಚಲಾಗದೆಂಬುದೇ ಕವನದ ದುಃಖ.

ಕನ್ನಡಿಸುವವರು ‘ವ್ಯಾಪಾರ’ವನ್ನು ಬಿಟ್ಟು ನಮ್ಮ ‘ಮುಯ್ಯಿ’ಯನ್ನು ಎತ್ತಿಕೊಳ್ಳುವುದು ಮೇಲು. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಹಿಂದಿರುಗಿಸಲೇಬೇಕು. ಆದರೆ ಅಂದೇ ಹಿಂದಿರುಗಿಸಿದರೆ ನಂಟು ಹರಿದಂತೆ. ಹೊಲದಲ್ಲಿ ಮುಯ್ಯಾಳಿಗೂ ಕೂಲಿಯಾಳಿಗೂ ಇರುವ ಅಂತರವೂ ಇದೇ. ಸೇಡಿಗೂ ಮುಯ್ಯಿ ತೀರಿಸುವುದೆನ್ನುತ್ತೇವೆ. ಒಳಿತಿನಂತೆ ಕೇಡೂ ಮರಳುತ್ತದೆಂಬ ಎಚ್ಚರ ಆ ಪದದೊಳಗೇ ಇದೆ. ಲೆಕ್ಕ ಚುಕ್ತವಾದೊಡನೆ ವ್ಯಾಪಾರ ಮುಗಿಯುತ್ತದೆ. ಮುಯ್ಯಿ ಮುಂದಿನ ಮದುವೆಯನ್ನು ಕಾಯುತ್ತದೆ. ಕಟಲ್ಲಸನನ್ನು ಓದುವಾಗ ಈ ಎರಡನೆಯದು ನೆನಪಿರಲಿ.