ಭಯದಿಂದ ಭಕ್ತಿಯೇ? ಅಮೆರಿಕದ ‘ನರಕದ ಮನೆ’ಗಳನ್ನು ಕುರಿತು



ಅಕ್ಟೋಬರ್ ತಿಂಗಳ ಕೊನೆಯ ದಿನ ಅಮೆರಿಕ ದೇಶದಲ್ಲಿ ಹ್ಯಾಲೋವೀನ್ ಎಂಬ ಆಚರಣೆ ನಡೆಯುವುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕ್ರೈಸ್ತರ ಪಂಚಾಂಗದಂತೆ ನವೆಂಬರ್ 1 ಸಕಲ ಸಂತರ ಸ್ಮರಣೆಯ ದಿನ; ಅದರ ಹಿಂದಿನ ಸಂಜೆಯೇ ಇದು. ಮಕ್ಕಳು ದೆವ್ವ ಪಿಶಾಚಿಗಳ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ದೊಡ್ಡವರು ಹಣ ಕೊಟ್ಟು ‘ಭೂತದ ಮನೆ’ಗಳನ್ನು ಹೊಕ್ಕು, ಹೆದರಿ, ನಕ್ಕು, ಹೊರಬರುತ್ತಾರೆ. ಇದೆಲ್ಲ ವಿನೋದ. ಇದರ ವಿಷಯದಲ್ಲಿ ನಮಗೆ ಹೇಳಬೇಕಾದುದೇನೂ ಇಲ್ಲ.

ಹೇಳಬೇಕಾಗಿರುವುದು ಈ ವಿನೋದವನ್ನೇ ಧರ್ಮಪ್ರಚಾರದ ಸಾಧನವನ್ನಾಗಿ ಮಾಡಿಕೊಂಡಿರುವ ಕೆಲವು ಚರ್ಚುಗಳನ್ನು ಕುರಿತು. ಅವು ಕಟ್ಟುವ ಮನೆಗೆ ‘ಹೆಲ್ ಹೌಸ್’, ಅಂದರೆ ನರಕದ ಮನೆ ಎಂದು ಹೆಸರು. ದೂರದ ನಾಡಿನ ಈ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಭಕ್ತರ, ಮಠದ ಹಳೆಯ ವಿದ್ಯಾರ್ಥಿಗಳ ಮಕ್ಕಳು ಇಂದು ಆ ನಾಡಿನ ಶಾಲೆಗಳಲ್ಲಿ ಓದುತ್ತಿದ್ದಾರೆ. ಸಹಪಾಠಿಗಳು ಕರೆದರೆ ಅವರೂ ಹೋಗುವವರೇ. ಅಲ್ಲದೆ, ಹೆದರಿಸಿ ಭಕ್ತರನ್ನು ಮಾಡಬಹುದೇ ಎಂಬ ಪ್ರಶ್ನೆ ಯಾವುದೇ ಒಂದು ಮತಕ್ಕೆ ಮಾತ್ರ ಸೇರಿದುದಲ್ಲ.

ಆ ಮನೆಯ ಕ್ರಮ ಹೀಗಿದೆ. ಟಿಕೇಟು ಕೊಂಡವರನ್ನು ಗುಂಪುಗುಂಪಾಗಿ ಒಳಗೆ ಬಿಡುತ್ತಾರೆ. ಸೈತಾನನ ಸೇವಕನ ವೇಷ ಧರಿಸಿದವನೊಬ್ಬ ದಾರಿ ತೋರಿಸುತ್ತಾನೆ. ಒಂದು ಕೋಣೆಯಲ್ಲಿ ಗರ್ಭಪಾತ ಮಾಡಿಸಿಕೊಳ್ಳುವ ತರುಣಿ ರಕ್ತದ ನಡುವೆ ಚೀರುತ್ತಾಳೆ. ಇನ್ನೊಂದರಲ್ಲಿ ಸಲಿಂಗಿಯಾದವನು ಏಡ್ಸ್ ರೋಗದಿಂದ ಸಾಯುತ್ತಾನೆ. ಕುಡಿದು ಕಾರು ಓಡಿಸಿದವರ ಅಪಘಾತ ಒಂದೆಡೆ, ಮತ್ತೊಂದೆಡೆ ಬಾಳಿಗೆ ಬೇಸತ್ತು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವ ಬಾಲಿಕೆ. ಸತ್ತವರನ್ನು ಪಿಶಾಚಿಗಳು ಎಳೆದೊಯ್ಯುತ್ತವೆ. ಅವರ ಹಿಂದೆಯೇ ನೋಡುಗರೂ ಹೊಗೆ, ಕತ್ತಲೆ, ಆರ್ತನಾದಗಳಿಂದ ತುಂಬಿದ ನರಕವನ್ನು ಹೊಕ್ಕು ಹೊರಡಬೇಕು. ಕಟ್ಟಕಡೆಯ ಕೋಣೆಯಲ್ಲಿ ವೇಷವಿಲ್ಲದ ಒಬ್ಬರು ನಿಂತಿರುತ್ತಾರೆ. ಈ ರಾತ್ರಿಯೇ ನೀವು ಸತ್ತರೆ ಎಲ್ಲಿಗೆ ಹೋಗುವಿರಿ ಎಂದು ಕೇಳುತ್ತಾರೆ. ಯೇಸುವನ್ನು ಒಪ್ಪಿಕೊಳ್ಳುವವರು ಈಗಲೇ ಪ್ರಾರ್ಥನೆಯ ಕೋಣೆಗೆ ಬನ್ನಿರಿ ಎಂದು ಕರೆಯುತ್ತಾರೆ. ನಿರ್ಧರಿಸಲು ಕೊಡುವ ಅವಧಿ ಬಹಳ ಚಿಕ್ಕದು.

ಇದರ ಪ್ರಾರಂಭ ಇತ್ತೀಚಿನದೇನಲ್ಲ. ವರ್ಜೀನಿಯಾದ ಲಿಂಚ್‌ಬರ್ಗ್ ನಗರದಲ್ಲಿ ಪಾದ್ರಿ ಜೆರ್ರಿ ಫಾಲ್ವೆಲ್ ಅವರು ಸ್ಥಾಪಿಸಿದ ಕಾಲೇಜಿನ ವಿದ್ಯಾರ್ಥಿಗಳು 1972ರಲ್ಲಿ ‘ಸ್ಕೇರ್‌ಮೇರ್’ ಎಂಬ ಪ್ರದರ್ಶನವನ್ನು ಆರಂಭಿಸಿದರು. ಟೆಕ್ಸಾಸ್‌ನಲ್ಲಿ ಡಲ್ಲಾಸ್ ನಗರದ ಸಮೀಪದ ಸೀಡರ್ ಹಿಲ್ ಎಂಬಲ್ಲಿ ಟ್ರಿನಿಟಿ ಚರ್ಚು 1990ರ ದಶಕದಲ್ಲಿ ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ನಡೆಸಿತು. ಕೊಲರಾಡೊದ ಪಾದ್ರಿ ಕೀನನ್ ರಾಬರ್ಟ್ಸ್ ಅವರಂತೂ ನಾಟಕದ ಪಾಠ, ಧ್ವನಿಮುದ್ರಿಕೆ, ಪ್ರಯೋಗದ ಸೂಚನೆಗಳೆಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು, ಸುಮಾರು 200ರಿಂದ 300 ಡಾಲರ್ ಬೆಲೆಗೆ ಇತರ ಚರ್ಚುಗಳಿಗೆ ಮಾರಿದರು. ಗರ್ಭಪಾತದ ದೃಶ್ಯಕ್ಕೆ ಎಂಥ ಮಾಂಸದ ತುಂಡನ್ನು ಕೊಂಡು ತರಬೇಕೆಂಬುದಕ್ಕೂ ಅದರಲ್ಲಿ ಸೂಚನೆಯಿತ್ತು. 1999ರ ಏಪ್ರಿಲ್‌ನಲ್ಲಿ ಅದೇ ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಹನ್ನೆರಡು ಜನ ಸಹಪಾಠಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದರು. ಆರು ತಿಂಗಳು ಕಳೆಯುವುದರೊಳಗೆ, ಆ ವರ್ಷದ ಅಕ್ಟೋಬರ್‌ನಲ್ಲಿ, ಅಂಥದೇ ಹತ್ಯಾಕಾಂಡವನ್ನು ಸೀಡರ್ ಹಿಲ್‌ನವರು ತಮ್ಮ ಮನೆಯ ಒಂದು ದೃಶ್ಯವನ್ನಾಗಿ ಮಾಡಿದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಕಣ್ಣೀರು ಇನ್ನೂ ಆರಿರಲಿಲ್ಲ.

ಈ ಚರ್ಚಿನ ಪ್ರದರ್ಶನವನ್ನು ಕುರಿತು ಜಾರ್ಜ್ ರಾಟ್ಲಿಫ್ ಎಂಬ ನಿರ್ದೇಶಕರು 2001ರಲ್ಲಿ ‘ಹೆಲ್ ಹೌಸ್’ ಎಂಬ ಸಾಕ್ಷ್ಯಚಿತ್ರವನ್ನು ತಯಾರಿಸಿದ್ದಾರೆ. ಬಲ್ಲವರು ಅದನ್ನೊಮ್ಮೆ ನೋಡುವುದು ಒಳ್ಳೆಯದು. ನಿರ್ದೇಶಕರು ಯಾರನ್ನೂ ಗೇಲಿ ಮಾಡುವುದಿಲ್ಲ, ತಾವು ತೀರ್ಪನ್ನೂ ಕೊಡುವುದಿಲ್ಲ. ಆ ಚಿತ್ರವನ್ನು ನೋಡಿದ ಮೇಲೆ, ಇದನ್ನು ನಡೆಸುವವರು ಕಪಟಿಗಳೆಂದು ಹೇಳಲು ನಮ್ಮ ಮನಸ್ಸು ಒಪ್ಪದು. ದಿನವಿಡೀ ದುಡಿದು ಬಂದವರು ರಾತ್ರಿ ಹಲಗೆ ಬಡಿಯುತ್ತಾರೆ, ಬಣ್ಣ ಬಳಿಯುತ್ತಾರೆ, ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಕಾಣದ ಜೀವಗಳು ಕೆಡಬಾರದೆಂಬ ಕಳಕಳಿ ಅವರಲ್ಲಿ ನಿಜವಾಗಿಯೂ ಇದೆ. ಆದರೆ ಅದೇ ಚಿತ್ರದಲ್ಲಿ ಪಾತ್ರಗಳ ಆಯ್ಕೆಯ ಸನ್ನಿವೇಶವೊಂದುಂಟು. ಆತ್ಮಹತ್ಯೆ ಮಾಡಿಕೊಳ್ಳುವ ಹುಡುಗಿಯ ಪಾತ್ರ, ಗರ್ಭಪಾತದ ಹುಡುಗಿಯ ಪಾತ್ರ ತಮಗೇ ಸಿಗಬೇಕೆಂದು ಚರ್ಚಿನ ಕನ್ಯೆಯರು ಹಂಬಲಿಸುತ್ತಾರೆ. ಯಾವುದನ್ನು ಕಂಡು ಜನ ಹೇಸಬೇಕೆಂದು ಮನೆ ಕಟ್ಟಿದರೋ ಅದೇ ಅಲ್ಲಿ ಎಲ್ಲರೂ ಬಯಸುವ ವೇಷವಾಯಿತು.

ನಮ್ಮಲ್ಲಿಯೂ ಇಂಥದಿಲ್ಲವೇ ಎಂದರೆ, ಇದೆ. ಗರುಡಪುರಾಣದ ನರಕವರ್ಣನೆಗಳನ್ನು ಕೇಳದವರಾರು? ಯಮದೂತರು ಪಾಪಿಗಳನ್ನು ಎಣ್ಣೆಯ ಕೊಪ್ಪರಿಗೆಯಲ್ಲಿ ಕುದಿಸುವ, ಗರಗಸದಿಂದ ಸೀಳುವ ಚಿತ್ರಪಟಗಳು ನಮ್ಮ ಜಾತ್ರೆಗಳಲ್ಲಿಯೂ ಮಾರಾಟವಾಗಿವೆ. ಪರಲೋಕದ ಲಾಭನಷ್ಟಗಳ ಈ ಲೆಕ್ಕವನ್ನೇ ನಮ್ಮ ಶರಣರು ತಳ್ಳಿಹಾಕಿದರು. ಆದರೂ ಪಟಗಳು ನಮ್ಮ ಗೋಡೆಗಳಿಂದ ಇಳಿಯಲು ಬಹುಕಾಲ ಹಿಡಿಯಿತು. ಆದುದರಿಂದ ಮುಂದಿನ ಮಾತುಗಳನ್ನು ಅನ್ಯರ ದೋಷವನ್ನು ಎಣಿಸುವ ಹುರುಪಿನಿಂದ ಹೇಳುತ್ತಿಲ್ಲ.

ಅಮೆರಿಕದ ಕ್ರೈಸ್ತ ಇತಿಹಾಸದಲ್ಲಿ ನರಕಭಯದ ಉಪದೇಶಕ್ಕೆ ಹೆಸರಾದವರು ಜೊನಾಥನ್ ಎಡ್ವರ್ಡ್ಸ್. 1741ರ ಜುಲೈ 8ರಂದು ಕನೆಕ್ಟಿಕಟ್‌ನ ಎನ್‌ಫೀಲ್ಡ್ ಎಂಬ ಊರಿನಲ್ಲಿ ಅವರು ಮಾಡಿದ ಪ್ರವಚನ ಇಂದಿಗೂ ಅಲ್ಲಿಯ ಪಠ್ಯಪುಸ್ತಕಗಳಲ್ಲಿದೆ. ಉರಿಯ ಮೇಲೆ ಹಿಡಿದ ಜೇಡರ ಹುಳುವಿನಂತೆ ದೇವರ ಕೈಯಲ್ಲಿ ತೂಗುತ್ತಿರುವ ಮನುಷ್ಯನನ್ನು ಅವರು ವರ್ಣಿಸಿದಾಗ ಕೇಳುಗರು ಗೋಳಿಟ್ಟರಂತೆ, ಪ್ರವಚನವೇ ನಿಂತಿತಂತೆ. ಕಠೋರವಾದ ಉಪದೇಶವೇ ಸರಿ. ಆದರೆ ಎಡ್ವರ್ಡ್ಸರ ಆ ಹುಳು ಬೇರೆ ಯಾರೂ ಅಲ್ಲ, ಎದುರಿನ ಪೀಠದಲ್ಲಿ ಕುಳಿತ ಸಭ್ಯ ಗೃಹಸ್ಥನೇ. ನೀನು ಎಂದು ಅವರು ಬೆರಳು ತೋರಿದ್ದು ತಮ್ಮವರ ಕಡೆಗೆ. ನರಕದ ಮನೆಯಲ್ಲಿ ಈ ಬೆರಳು ಹೊರಕ್ಕೆ ತಿರುಗಿದೆ. ಅಲ್ಲಿ ಸುಡಲ್ಪಡುವವರು ಸಲಿಂಗಿಗಳು, ರೋಗಿಗಳು, ಮೋಸಹೋದ ಹೆಣ್ಣುಮಕ್ಕಳು, ಬದುಕಲಾರದೆ ಹೋದವರು. ಪರರ ಕೂಲಿಯನ್ನು ನುಂಗಿದ ಧನಿಕನಿಗೆ, ಕರಿಯರನ್ನು ಹೊಸ್ತಿಲಲ್ಲಿ ತಡೆದ ಸಭಾಸದನಿಗೆ ಮೀಸಲಾದ ಕೋಣೆ ಈ ಮನೆಗಳ ವಾಡಿಕೆಯ ದೃಶ್ಯಗಳಲ್ಲಿಲ್ಲ.

ಎಡ್ವರ್ಡ್ಸರ ಬದುಕಿನ ಇನ್ನೊಂದು ಘಟನೆಯನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. ಎನ್‌ಫೀಲ್ಡಿನ ಪ್ರವಚನಕ್ಕೆ ಆರು ವರ್ಷ ಮೊದಲು ಅವರ ಸ್ವಂತ ಊರಾದ ನಾರ್ತ್‌ಹ್ಯಾಂಪ್ಟನ್‌ನಲ್ಲಿ ದೊಡ್ಡದೊಂದು ಧಾರ್ಮಿಕ ಜಾಗೃತಿ ಹಬ್ಬಿತ್ತು. ಆಗ ಅವರ ತಾಯಿಯ ತಂಗಿಯ ಪತಿ, ವ್ಯಾಪಾರಿ ಜೋಸೆಫ್ ಹಾಲಿ ಎಂಬವರು, ತಮ್ಮ ಆತ್ಮಕ್ಕೆ ಗತಿಯಿಲ್ಲವೆಂಬ ಭಯದಲ್ಲಿ ನಿದ್ರೆಗೆಟ್ಟು, 1735ರ ಜೂನ್ 1ರಂದು ಕತ್ತು ಕೊಯ್ದುಕೊಂಡು ಸತ್ತರು. ಅನಂತರ ಆ ಸೀಮೆಯ ಅನೇಕರಿಗೆ ನೀನೂ ಹಾಗೆಯೇ ಮಾಡು ಎಂದು ಯಾರೋ ಪ್ರೇರಿಸಿದಂತಾಗುತ್ತಿತ್ತೆಂದು ಎಡ್ವರ್ಡ್ಸರೇ ಬರೆದಿಟ್ಟಿದ್ದಾರೆ. ಜಾಗೃತಿಯ ಕಾವು ಅಲ್ಲಿಗೆ ಇಳಿಯಿತು. ಅದು ಸೈತಾನನ ಕೆಲಸವೆಂದು ಅವರು ಭಾವಿಸಿದರು. ಇರಲಿ. ಸಂಗತಿಯನ್ನು ಬಚ್ಚಿಡದೆ ಬರೆದ ಪ್ರಾಮಾಣಿಕತೆಗಾಗಿ ಅವರನ್ನು ನಾವು ಗೌರವಿಸುತ್ತೇವೆ.

ಈಗ ಆತ್ಮಹತ್ಯೆಯ ಆ ಕೋಣೆಯನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ. ಅದನ್ನು ನೋಡಲು ಬಂದ ಗುಂಪಿನಲ್ಲಿ ಹೆಚ್ಚಿನವರು ಹದಿಹರೆಯದವರು. ಎಡ್ವಿನ್ ಸ್ಟಾರ್‌ಬಕ್ ಎಂಬ ಅಮೆರಿಕದ ವಿದ್ವಾಂಸರು, ಮತಾಂತರದ ತೀವ್ರಾನುಭವ ಹೆಚ್ಚಾಗಿ ಆಗುವುದು ಹದಿಹರೆಯದಲ್ಲಿ ಎಂಬುದನ್ನು 1899ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ನಿರಾಶೆಯೂ ಅದೇ ವಯಸ್ಸಿನಲ್ಲಿ ಹೆಡೆಯೆತ್ತುತ್ತದೆ. ಆ ಕತ್ತಲೆಯಲ್ಲಿ ನಿಂತ ಹುಡುಗಿಯೊಬ್ಬಳ ಮನಸ್ಸಿನಲ್ಲಿ ಸಾಯುವ ವಿಚಾರ ಮೊದಲೇ ಮನೆಮಾಡಿದ್ದರೆ? ಮತ್ತೊಬ್ಬಳ ಅಕ್ಕ ಹೋದ ವರ್ಷ ಹಾಗೆಯೇ ಸತ್ತಿದ್ದರೆ? ಅಕ್ಕನನ್ನು ಪಿಶಾಚಿಗಳು ಎಳೆದೊಯ್ಯುವುದನ್ನು ಆ ತಂಗಿ ಹಣ ಕೊಟ್ಟು ನೋಡಬೇಕಾಯಿತು. ಅವಳ ಕೈ ಹಿಡಿದು ಕೂರಿಸಿ ಎರಡು ಮಾತು ಕೇಳುವವರು ಆ ಕೋಣೆಯಲ್ಲಿ ಯಾರೂ ಇಲ್ಲ. ಹಿಂದಿನ ಗುಂಪು ಬಾಗಿಲಲ್ಲಿ ಕಾಯುತ್ತಿದೆ.

ಉರಿಯುವ ಮನೆಯಲ್ಲಿ ಮಲಗಿರುವವನನ್ನು ಕೂಗಿ ಎಬ್ಬಿಸುವುದು ಕ್ರೌರ್ಯವೇ ಎಂದು ಪ್ರದರ್ಶನದವರು ವಾದಿಸಬಹುದು. ಮೇಲುನೋಟಕ್ಕೆ ಬಲವುಳ್ಳ ವಾದ. ಆದರೆ ಹಾಗೆ ಕೂಗುವವನು ಟಿಕೇಟು ಮಾರುವುದಿಲ್ಲ, ತಾನೇ ಬೆಂಕಿಯ ವೇಷ ಹಾಕುವುದಿಲ್ಲ, ಮುಂದಿನ ವರ್ಷ ಉರಿಯನ್ನು ಇನ್ನಷ್ಟು ಚೆನ್ನಾಗಿ ತೋರಿಸಬೇಕೆಂದು ಹವಣಿಸುವುದೂ ಇಲ್ಲ. ಮೇಲಾಗಿ ಬೆಂಕಿಯಿಂದ ಓಡಿದವನಿಗೆ ಬಾಗಿಲು ಸಿಕ್ಕರೆ ಸಾಕು. ಆ ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಅವನು ನೋಡುವುದಿಲ್ಲ. ಹೀಗೆ ಓಡಿಬಂದವನು ಯೇಸುವನ್ನು ಕಂಡನೆಂದು ಹೇಗೆ ಹೇಳುವುದು?

ಈ ಆಕ್ಷೇಪ ಕ್ರೈಸ್ತರಿಗೆ ಹೊರಗಿನದೂ ಅಲ್ಲ. ಪರಿಪೂರ್ಣ ಪ್ರೀತಿಯಿರುವಲ್ಲಿ ಭಯಕ್ಕೆ ಎಡೆಯಿಲ್ಲವೆಂಬ ಅಭಿಪ್ರಾಯ ಅವರ ಹೊಸ ಒಡಂಬಡಿಕೆಯಲ್ಲಿಯೇ, ಯೋಹಾನನ ಮೊದಲ ಪತ್ರದಲ್ಲಿ, ಸ್ಪಷ್ಟವಾಗಿದೆ. 1999ರ ಜುಲೈ 28ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು, ನರಕವನ್ನು ಒಂದು ಸ್ಥಳವೆನ್ನುವುದಕ್ಕಿಂತ ದೇವರಿಂದ ತಾನಾಗಿ ದೂರವಾದವನ ಸ್ಥಿತಿಯೆಂದು ತಿಳಿಯಬೇಕೆಂದು ಬೋಧಿಸಿದರು. ಸೀಡರ್ ಹಿಲ್‌ನವರು ಕೊಲಂಬೈನ್ ದೃಶ್ಯವನ್ನು ಆಡಿದ್ದು ಅದಾದ ಮೂರು ತಿಂಗಳಿಗೆ. ಅವರು ಪೋಪರನ್ನು ಒಪ್ಪುವ ಪಂಥದವರಲ್ಲ, ನಿಜ.

ರಾಬರ್ಟ್ಸ್ ಅವರ ಪಾಠಕ್ಕೆ ಮುಂದೆ ವಿಚಿತ್ರ ಗತಿಯೊದಗಿತು. 2004ರಲ್ಲಿ ಹಾಲಿವುಡ್‌ನ ಹಾಸ್ಯನಟರು ಅದನ್ನು ಅಣಕವಾಗಿ ಆಡಿದರು. 2006ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ನಾಟಕತಂಡ ಅಣಕವಿಲ್ಲದೆ ಆಡಿತು. ನಂಬದವರ ಮುಂದೆ ಅದು ಬರಿಯ ನಾಟಕ. ಆ ಪಾಠದ ಬಲವೆಲ್ಲ ನೋಡುಗನ ಎದೆಯಲ್ಲಿ ಬಾಲ್ಯದಿಂದ ಬಿತ್ತಿದ ಅಂಜಿಕೆಯಲ್ಲಿದೆ. ಹೊಸಬರನ್ನು ಕರೆತರುವುದಕ್ಕೆಂದು ಕಟ್ಟಿದ ಮನೆ ನಿಜವಾಗಿ ಹೆದರಿಸುವುದು ತನ್ನ ಮಕ್ಕಳನ್ನೇ.

ರಾಟ್ಲಿಫ್ ಅವರ ಚಿತ್ರದಲ್ಲಿ ನಮಗೆ ಬಹಳ ಮುಖ್ಯವೆನಿಸಿದ ಭಾಗ ನರಕದ ಮನೆಯ ಹೊರಗೆ ನಡೆಯುತ್ತದೆ. ಸಲಿಂಗಿಗಳನ್ನು ಚಿತ್ರಿಸಿದ ಬಗೆಯಿಂದ ಸಿಟ್ಟಾದ ಕೆಲವು ತರುಣರು ಹೊರಬಂದು ಚರ್ಚಿನವರೊಡನೆ ವಾದಕ್ಕೆ ನಿಲ್ಲುತ್ತಾರೆ. ದನಿಗಳು ಏರುತ್ತವೆ, ಯಾರೂ ಯಾರನ್ನೂ ಒಪ್ಪಿಸಲಾರರು. ಆದರೂ ಅಲ್ಲಿ ಯಾರ ಮೈಮೇಲೂ ವೇಷವಿಲ್ಲ, ಕತ್ತಲೆಯಿಲ್ಲ, ಇಷ್ಟರೊಳಗೆ ನಿರ್ಧರಿಸು ಎಂಬ ಗಡುವಿಲ್ಲ. ಕೇಳಿದ ಪ್ರಶ್ನೆಗೆ ಏನಾದರೊಂದು ಉತ್ತರ ಕೊಡಲೇಬೇಕಾಗುತ್ತದೆ.