ಹುಳುಮನೆಯ ಅಳತೆ ನೀರಿನ ಟ್ಯಾಂಕಿಗೂ ಬರಲಿ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಬ್ಲೀಚಿಂಗ್ ಪೌಡರ್ ಹೊಸದಲ್ಲ. ಬೆಳೆ ಮುಗಿದ ಮೇಲೆ ಹುಳುಮನೆಯನ್ನು ತೊಳೆದು, ಶೇ 2ರ ಬ್ಲೀಚಿಂಗ್ ದ್ರಾವಣಕ್ಕೆ ಸುಣ್ಣ ಬೆರೆಸಿ ಹೊಡೆಯುತ್ತಾರೆ. ಅಳತೆ ತಪ್ಪಿದರೆ ಹಾಲುತೊಂಡೆ ರೋಗವೋ ಸುಣ್ಣಕಟ್ಟು ರೋಗವೋ ಬಂದು ಬೆಳೆ ಕೈಬಿಡುತ್ತದೆಂದು ಅವರಿಗೆ ಗೊತ್ತು. ಅದೇ ಪುಡಿ ಊರಿನ ಓವರ್‌ಹೆಡ್ ಟ್ಯಾಂಕಿಗೆ ಬೀಳುವಾಗ ಎಷ್ಟೋ ಕಡೆ ಕಣ್ಣಂದಾಜೇ ಲೆಕ್ಕ. ನನ್ನ ತಕರಾರು ಇರುವುದು ಇಲ್ಲಿಯೇ.

ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಬೆರೆಸಿ ಅರ್ಧ ಗಂಟೆಯಾದರೂ ಬಿಡಬೇಕು. ಬಿಸಿಲು, ತೇವಕ್ಕೆ ಸಿಕ್ಕ ಹಳೆಯ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಆಗ ತೂಕ ಸರಿಯಿದ್ದರೂ ಕೆಲಸ ನಡೆಯದು. ಆದ್ದರಿಂದಲೇ ಕೊನೆಯ ನಲ್ಲಿಯಲ್ಲಿ ಪರೀಕ್ಷೆ ಬೇಕು. ಭಾರತೀಯ ಮಾನಕದ ಪ್ರಕಾರ ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. 2022ರಲ್ಲಿ ರಾಯಚೂರಿನಲ್ಲಿ, ಮರುವರ್ಷ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಜೀವ ತೆಗೆದದ್ದನ್ನು ನಾವು ಮರೆಯಬಾರದು.

ಹಾಗೆಂದು ಹೆಚ್ಚು ಸುರಿದರೆ ಕ್ಷೇಮವೇ? ಕ್ಲೋರಿನ್ ನೀರಿನ ಸಾವಯವ ಕಶ್ಮಲದೊಡನೆ ಸೇರಿ ಕ್ಲೋರೋಫಾರ್ಮ್‌ನಂಥ ಟ್ರೈಹಾಲೋಮೀಥೇನ್‌ಗಳನ್ನು ಹುಟ್ಟಿಸುತ್ತದೆಂದು ಡಚ್ ರಸಾಯನ ವಿಜ್ಞಾನಿ ರೂಕ್ 1974ರಲ್ಲಿ ತೋರಿಸಿದರು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಬಹುದೆಂಬ ಶಂಕೆಯಿದೆ. ಕ್ಲೋರೋಫಾರ್ಮಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ಆದರೆ ಈ ಭಯಕ್ಕೆ ಕ್ಲೋರಿನ್ ನಿಲ್ಲಿಸುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಅದೇ. ಆಳದ ಕೊಳವೆಬಾವಿಯ ನೀರಿನಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಕಡಿಮೆ. ಟ್ಯಾಂಕಿನ ತಳದ ಕೆಸರು, ಪಾಚಿಯೇ ಇಲ್ಲಿ ದೊಡ್ಡ ಚಿಂತೆ. ಅದನ್ನು ತೊಳೆದರೆ ಕಡಿಮೆ ಕ್ಲೋರಿನ್ ಸಾಕು, ಟ್ರೈಹಾಲೋಮೀಥೇನ್‌ಗಳೂ ತಗ್ಗುತ್ತವೆ. ಬೆಂಗಳೂರಿನ ಎರಡು ಹಂತ ಮಾತ್ರ ಸಂಸ್ಕರಿಸಿದ ನೀರು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿರುವಾಗ, ಸುತ್ತಲಿನ ಬಾವಿಗಳ ಸಾವಯವ ಅಂಶವನ್ನೂ ಅಳೆಯಲೇಬೇಕು.

ಕೊಳವೆಬಾವಿ ನೀರಿನ ಇನ್ನೊಂದು ಚಿಂತೆಯಾದ ಫ್ಲೋರೈಡ್ ಮಾತ್ರ ಕ್ಲೋರಿನ್ನಿಗೆ ಬಗ್ಗದು. ಅದಕ್ಕೆ ಶುದ್ಧ ನೀರಿನ ಘಟಕ ಬೇಕೇ ಬೇಕು. ಆದರೆ ಘಟಕದ ಇದ್ದಿಲ ಫಿಲ್ಟರ್ ಕ್ಲೋರಿನ್ನನ್ನೂ ಹೀರುತ್ತದೆ. ಆ ನೀರನ್ನು ತೊಳೆಯದ ಕ್ಯಾನಿನಲ್ಲಿ ತಂದು ದಿನಗಟ್ಟಲೆ ಇಟ್ಟರೆ ಕಾಯುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ.

ಪಂಚಾಯಿತಿಗಳು ಪ್ರತಿ ನೀರುಗಂಟಿಗೂ ಒಂದು ತಕ್ಕಡಿ, ಒಂದು ಕ್ಲೋರಿನ್ ಪರೀಕ್ಷಾ ಕಿಟ್ ಕೊಡಲಿ. ಟ್ಯಾಂಕ್ ತೊಳೆದ ದಿನಾಂಕವನ್ನೂ ಕೊನೆಯ ನಲ್ಲಿಯ ಕ್ಲೋರಿನ್ ಪ್ರಮಾಣವನ್ನೂ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆಸಲಿ.