ಹಳೆಯ ಕಂಪ್ಯೂಟರು, ವಿಚಿತ್ರ ಫೈಲು ಮತ್ತು ವಿಎಲ್‌ಸಿ

2000ದ ದಶಕದ ಮದುವೆ ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿ ತೆರೆದರೆ ಮದುವೆ ಕಾಣುವುದಿಲ್ಲ, ನಾಲ್ಕೈದು ಫೋಲ್ಡರು ಕಾಣುತ್ತವೆ. ‘ಎಂಪೆಗ್‌ಎವಿ’ ಎಂಬ ಫೋಲ್ಡರಿನೊಳಗೆ ಡಿಎಟಿ ಎಂದು ಕೊನೆಯಾಗುವ ದೊಡ್ಡ ಫೈಲು ಇರುತ್ತದೆ. ಧಾರೆ, ಸಪ್ತಪದಿ, ಊಟದ ಪಂಕ್ತಿ ಎಲ್ಲವೂ ಅದರಲ್ಲೇ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ, ಇದನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ ಎಂದು ವಿಂಡೋಸ್ ನಮ್ಮನ್ನೇ ಕೇಳುತ್ತದೆ. ಆಗ ಜನ ಇಂಟರ್ನೆಟ್ಟಿನಲ್ಲಿ ‘ಡಿಎಟಿ ಪ್ಲೇಯರ್ ಫ್ರೀ ಡೌನ್‌ಲೋಡ್’ ಎಂದು ಹುಡುಕತೊಡಗುತ್ತಾರೆ. ಅಪಾಯ ಶುರುವಾಗುವುದು ಆ ಹುಡುಕಾಟದಲ್ಲಿ. ವಿಎಲ್‌ಸಿ ಪ್ಲೇಯರಿನ ಬೆಲೆ ಕಟ್ಟುವಾಗ ನಾನು ಮೊದಲು ಕೇಳುವ ಪ್ರಶ್ನೆಯೂ ಇದೇ: ಈ ಹುಡುಕಾಟವನ್ನು ಅದು ಎಷ್ಟರ ಮಟ್ಟಿಗೆ ತಪ್ಪಿಸುತ್ತದೆ?

‘ಈ ವಿಡಿಯೋ ನೋಡಲು ಕೋಡೆಕ್ ಬೇಕು, ಇಲ್ಲಿ ಒತ್ತಿ’ ಎಂಬ ಪೆಟ್ಟಿಗೆ ಒಂದು ಕಾಲದಲ್ಲಿ ವೈರಸ್ ಹಂಚುವವರ ಅಚ್ಚುಮೆಚ್ಚಿನ ಸಾಧನವಾಗಿತ್ತು. ಕೋಡೆಕ್ ಎಂದರೆ ಹಿಂಡಿಟ್ಟ ವಿಡಿಯೋವನ್ನು ಬಿಡಿಸಿ ತೋರಿಸುವ ಸಣ್ಣ ತಂತ್ರಾಂಶ. 2005-06ರ ಸುಮಾರಿಗೆ ಹಬ್ಬಿದ ಝ್ಲಾಬ್ ಎಂಬ ಟ್ರೋಜನ್ ಕೋಡೆಕ್‌ನ ವೇಷದಲ್ಲೇ ಒಳಗೆ ಬರುತ್ತಿತ್ತು. ವಿಂಡೋಸ್ ಮೀಡಿಯಾ ಫೈಲುಗಳಲ್ಲಿದ್ದ ಲೈಸೆನ್ಸ್ ಕೇಳುವ ಸೌಲಭ್ಯವನ್ನೂ ದುರುಪಯೋಗ ಮಾಡಿಕೊಂಡರು. ಫೈಲು ತೆರೆದೊಡನೆ ಯಾವುದೋ ವೆಬ್‌ಪುಟ ತೆರೆದುಕೊಳ್ಳುತ್ತಿತ್ತು. ಅಸಲಿ ಕೋಡೆಕ್ ಸಿಕ್ಕಿದರೂ ನೆಮ್ಮದಿಯಿಲ್ಲ, ಯಾಕೆಂದರೆ ಮಾಡಿದವರೇ ಅದನ್ನು ಕೈಬಿಟ್ಟಿರುತ್ತಾರೆ. ತೊಂಬತ್ತರ ದಶಕದಲ್ಲಿ ಮೆರೆದ ಇಂಡಿಯೋ ಕೋಡೆಕ್ ಭದ್ರವಲ್ಲವೆಂದು 2009ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟೇ ವಿಂಡೋಸ್ ಎಕ್ಸ್‌ಪಿಯಲ್ಲಿ ಅದರ ಬಳಕೆಗೆ ತಡೆ ಹಾಕಿತು. ವಿಂಡೋಸ್‌ನಲ್ಲಿರುವ ಕ್ವಿಕ್‌ಟೈಮನ್ನು ತೆಗೆದುಹಾಕಿ ಎಂದು 2016ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿತು. ಅದರಲ್ಲಿ ಎರಡು ದೋಷಗಳು ಪತ್ತೆಯಾಗಿದ್ದವು, ಆ್ಯಪಲ್ ಅವನ್ನು ಸರಿಪಡಿಸುವ ಯೋಚನೆಯಲ್ಲಿರಲಿಲ್ಲ. ಹಾಗಾಗಿ ಹಳೆಯ ಎಂಒವಿ ಫೈಲು ನೋಡಲು ಇಂದು ಕ್ವಿಕ್‌ಟೈಮ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಆ ಸಲಹೆಯನ್ನು ಕೇಳಬಾರದು.

ವಿಎಲ್‌ಸಿ ಹೊರಗಿನಿಂದ ಕೋಡೆಕ್ ತರಿಸುವುದಿಲ್ಲ, ಬೇಕಾದದ್ದನ್ನು ತನ್ನೊಳಗೇ ಹೊತ್ತು ತಿರುಗುತ್ತದೆ. ಈ ಕೋಡೆಕ್‌ಗಳಲ್ಲಿ ಬಹುಪಾಲು 2000ದಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಯೋಜನೆಯ ಕೊಡುಗೆ. ರಿಯಲ್‌ವಿಡಿಯೋ, ಇಂಡಿಯೋ, ಸೊರೆನ್ಸನ್‌ನಂಥ ಮುಚ್ಚಿದ ವಿಧಾನಗಳನ್ನು ಅಲ್ಲಿನ ಸ್ವಯಂಸೇವಕರು ಒಂದೊಂದಾಗಿ ಬಿಡಿಸಿ, ಒಳಗಿನ ಲೆಕ್ಕಾಚಾರ ಪತ್ತೆ ಮಾಡಿ, ಹೊಸದಾಗಿ ಬರೆದರು. ಯಾವ ಕಂಪನಿಗೂ ಬೇಡವಾದ ಫೈಲುಗಳಿಗಾಗಿ ಮಾಡಿದ ಈ ಕೆಲಸವನ್ನು ನಾನು ಗ್ರಂಥ ಸಂಪಾದನೆಯ ಸಾಲಿನಲ್ಲೇ ಇಡುತ್ತೇನೆ.

ವಿಎಲ್‌ಸಿಯ ಇನ್ನೊಂದು ಗುಣ ಅದರ ಹುಟ್ಟಿನಿಂದಲೇ ಬಂದದ್ದು. 1996ರಲ್ಲಿ ಎಕೋಲ್ ಸಾಂತ್ರಾಲ್ ಪ್ಯಾರಿಸ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ಟಿವಿ ನೋಡಲು ಮಾಡಿಕೊಂಡ ವ್ಯವಸ್ಥೆ ಇದು. 2001ರ ಫೆಬ್ರವರಿಯಲ್ಲಿ ಮುಕ್ತ ತಂತ್ರಾಂಶವಾಯಿತು. ನೆಟ್‌ವರ್ಕಿನಲ್ಲಿ ದತ್ತಾಂಶ ನಡುನಡುವೆ ಕಳೆದುಹೋಗುವುದು ಮಾಮೂಲಿ. ಆದ್ದರಿಂದ ತುಣುಕು ಸಿಗದಿದ್ದರೂ ಮುಂದಕ್ಕೆ ಹೋಗುವುದನ್ನು ಅದು ಮೊದಲಿನಿಂದ ಕಲಿತಿದೆ. ಗೀರುಬಿದ್ದ ವಿಸಿಡಿಯಲ್ಲಿ ಇದರ ಬೆಲೆ ತಿಳಿಯುತ್ತದೆ. ಡೇಟಾ ಸಿಡಿಯ ಪ್ರತಿ ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ ಇದ್ದರೆ ವಿಸಿಡಿಯ ವಿಡಿಯೋ ಸೆಕ್ಟರಿನಲ್ಲಿ 2324 ಬೈಟ್ ತುಂಬಿರುತ್ತಾರೆ. ತಪ್ಪು ತಿದ್ದುವ ಒಂದು ಪದರವನ್ನು ಕೈಬಿಟ್ಟು ಗಳಿಸಿದ ಜಾಗ ಅದು. 74 ನಿಮಿಷದ ಚಿತ್ರ ಒಂದು ಡಿಸ್ಕಿನಲ್ಲಿ ಹಿಡಿಸಿದ್ದು ಹೀಗೆ. ಗೀರು ಬಿದ್ದ ಕಡೆ ಚಿತ್ರ ಚೌಕಚೌಕವಾಗಿ ಒಡೆಯುವುದಕ್ಕೆ ಇದೂ ಒಂದು ಕಾರಣ. ಬೇರೆ ಪ್ಲೇಯರು ಅಲ್ಲಿಗೇ ನಿಂತುಬಿಡುವ ಸಾಧ್ಯತೆಯಿದೆ, ವಿಎಲ್‌ಸಿ ಸಾಮಾನ್ಯವಾಗಿ ಒಂದೆರಡು ಕ್ಷಣ ತಡವರಿಸಿ ಮುಂದೆ ಸಾಗುತ್ತದೆ.

ಹಳೆಯ ಯಂತ್ರಕ್ಕೆ ಇಂಥ ಫೈಲು ಭಾರವೇನಲ್ಲ. ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕಿಗಳಷ್ಟೇ, ಪೆಂಟಿಯಂ ಕಾಲದ ಕಂಪ್ಯೂಟರೂ ಅದನ್ನು ಓಡಿಸುತ್ತಿತ್ತು. 2018ರಲ್ಲಿ ಬಂದ ವಿಎಲ್‌ಸಿ 3.0 ಸರಣಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರಲ್ಲಿ ಕೂಡ ನಡೆಯುತ್ತದೆ. ಮದುವೆ ಡಿವಿಡಿಯ ವಿಒಬಿ ಫೈಲಿನಲ್ಲಿ ಮಾತ್ರ ಕೆಲವೊಮ್ಮೆ ಒಂದು ಕಿರಿಕಿರಿ ಇರುತ್ತದೆ: ಯಾರಾದರೂ ಬೇಗ ಕೈ ಬೀಸಿದರೆ ಸೀರೆಯ ಅಂಚು, ಬಳೆಗಳ ಸಾಲು ಬಾಚಣಿಗೆ ಹಲ್ಲಿನಂತೆ ಅಡ್ಡಡ್ಡ ಸೀಳಿ ಕಾಣುತ್ತದೆ. ಫೈಲು ಕೆಟ್ಟಿದೆಯೆಂದು ಹೆದರಬೇಕಿಲ್ಲ. ಹಳೆಯ ಟಿವಿಗಾಗಿ ಒಂದು ಫ್ರೇಮನ್ನು ಎರಡು ಭಾಗ ಮಾಡಿ, ಬಿಟ್ಟು ಬಿಟ್ಟು ಸಾಲು ಹೆಣೆದಿದ್ದರು. ಕೀಬೋರ್ಡಿನ ಡಿ ಒತ್ತಿದರೆ ವಿಎಲ್‌ಸಿ ಆ ಸಾಲುಗಳನ್ನು ಕೂಡಿಸಿ ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಸೌಲಭ್ಯವನ್ನು ವಿಡಿಯೋ ಮೆನುವಿನೊಳಗೆ, ಸಾಮಾನ್ಯರಿಗೆ ಅರ್ಥವಾಗದ ಹೆಸರಿನಲ್ಲಿ ಇಟ್ಟಿರುವುದು ವಿನ್ಯಾಸದ ಸೋಲು. ವಿಎಲ್‌ಸಿಯ ಸೆಟ್ಟಿಂಗ್ಸ್ ಪುಟಗಳೆಲ್ಲ ಹೀಗೆಯೇ, ಗೊತ್ತಿದ್ದವರಿಗೆ ಮಾತ್ರ ದಾರಿ ತೋರಿಸುತ್ತವೆ.

ಹಳೆಯ ಕಂಪ್ಯೂಟರನ್ನು ನಿಜವಾಗಿ ಸೋಲಿಸುವುದು ಹೊಸ ಫೈಲು. ಈಗಿನ ಫೋನಿನಲ್ಲಿ ತೆಗೆದ 4ಕೆ, ಎಚ್‌ಇವಿಸಿ ಎಂಬ ಹೊಸ ಕೋಡೆಕ್‌ನ ವಿಡಿಯೋವನ್ನು ಕೋರ್ 2 ಡ್ಯುವೋ ಯಂತ್ರದಲ್ಲಿ ತೆರೆದರೆ ಧ್ವನಿ ಓಡುತ್ತದೆ, ಚಿತ್ರ ಹ್ಯಾಂಗ್ ಆಗುತ್ತದೆ. ಆ ಕಾಲದ ಗ್ರಾಫಿಕ್ಸ್ ಚಿಪ್ಪಿಗೆ ಎಚ್‌ಇವಿಸಿ ಗೊತ್ತೇ ಇಲ್ಲ, ಎಲ್ಲ ಲೆಕ್ಕವನ್ನೂ ಪ್ರೊಸೆಸರೇ ಮಾಡಬೇಕು. ವಿಎಲ್‌ಸಿ ಇಲ್ಲಿ ಏನೂ ಮಾಡಲಾರದು. ಬೇರೆ ಯಂತ್ರದಲ್ಲಿ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಬಳಸಿ ಅದನ್ನು 720ಪಿ ಎಚ್.264ಕ್ಕೆ ಬದಲಿಸಿ ತರುವುದೇ ದಾರಿ. ವಿಎಲ್‌ಸಿಯಲ್ಲೂ ಕನ್ವರ್ಟ್ ಸೌಲಭ್ಯ ಇದೆ, ನಾನದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಎಲ್ಲಿ ಎಡವಿತು ಎಂದು ಅದು ಸರಿಯಾಗಿ ಹೇಳುವುದೇ ಇಲ್ಲ.

ಭದ್ರತೆಯ ವಿಚಾರದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. ನೂರಾರು ಹಳೆಯ ವಿಧಾನಗಳನ್ನು ಓದಬಲ್ಲ ಪ್ರೋಗ್ರಾಮಿನಲ್ಲಿ ದೋಷ ಅಡಗಲು ಜಾಗವೂ ಅಷ್ಟೇ ಇರುತ್ತದೆ. ಸಬ್‌ಟೈಟಲ್ ಫೈಲಿನ ಮೂಲಕವೇ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದೆಂದು 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಕಂಪನಿಯ ಸಂಶೋಧಕರು ತೋರಿಸಿದ ಪ್ಲೇಯರುಗಳಲ್ಲಿ ವಿಎಲ್‌ಸಿಯೂ ಇತ್ತು. ಐರೋಪ್ಯ ಒಕ್ಕೂಟದ ಹಣದಿಂದ ದೋಷ ಹುಡುಕಿದವರಿಗೆ ಬಹುಮಾನ ಕೊಟ್ಟ ನಂತರ, 2019ರ ಜೂನ್‌ನ 3.0.7 ಆವೃತ್ತಿಯಲ್ಲಿ 33 ಭದ್ರತಾ ದೋಷಗಳನ್ನು ಒಟ್ಟಿಗೆ ಸರಿಪಡಿಸಿದರು. ಸರಿಪಡಿಸಿದ್ದು ಅವರ ಪ್ರಾಮಾಣಿಕತೆ. ಆದರೆ ಫೈಲು ಬಿಡಿಸುವ ಭಾಗವನ್ನು ಉಳಿದ ಕಂಪ್ಯೂಟರಿನಿಂದ ಬೇರ್ಪಡಿಸಿ ಇಡುವ ವ್ಯವಸ್ಥೆ ವಿಂಡೋಸ್‌ನ 3.0 ಸರಣಿಯಲ್ಲಿ ಇಲ್ಲ. ‘ನನ್ನ ಹತ್ತಿರ ವಿಎಲ್‌ಸಿ ಇದೆ’ ಎನ್ನುವವರು ಅದು ಯಾವ ವರ್ಷದ್ದು ಎಂದು ಒಮ್ಮೆ ನೋಡಿಕೊಳ್ಳಬೇಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಪ್ಲೇಯರು ಎಷ್ಟೇ ಹೊಸದಿದ್ದರೂ ಕೆಳಗಿನ ವಿಂಡೋಸ್‌ನ ತೂತು ಹಾಗೇ ಇರುತ್ತದೆ. ಅಂಥ ಯಂತ್ರವನ್ನು ನೆಟ್‌ಗೆ ಜೋಡಿಸದೆ ವಿಡಿಯೋ ನೋಡಲಿಕ್ಕಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ವಿಎಲ್‌ಸಿಯನ್ನು ಬೇರೆ ಕಂಪ್ಯೂಟರಿನಲ್ಲಿ, ಅದನ್ನು ರೂಪಿಸುವ ವಿಡಿಯೋಲ್ಯಾನ್ ಸಂಸ್ಥೆಯ ಅಧಿಕೃತ ತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತರಬಹುದು.

ನಮ್ಮ ದೇಶದಲ್ಲಿ ಈ ಅಧಿಕೃತ ತಾಣವೇ 2022ರಲ್ಲಿ ಹಲವು ತಿಂಗಳು ತೆರೆಯುತ್ತಿರಲಿಲ್ಲ. ಸರ್ಕಾರ ಕಾರಣ ತಿಳಿಸಿರಲಿಲ್ಲ. ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ವಿಡಿಯೋಲ್ಯಾನ್ ಕಾನೂನು ನೋಟಿಸು ಕಳಿಸಿದ ಮೇಲೆ, ನವೆಂಬರಿನಲ್ಲಿ ತಡೆ ತೆರವಾಯಿತು. ಮೂಲವನ್ನೇ ಮುಚ್ಚಿದರೆ ಜನ ಸಿಕ್ಕ ಸಿಕ್ಕ ತಾಣಗಳಿಂದ ಅದೇ ಹೆಸರಿನ ಏನನ್ನೋ ಇಳಿಸಿಕೊಳ್ಳುತ್ತಾರೆ. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ನಿರ್ಧಾರವನ್ನು ನಾನು ಊಹಿಸಲಾರೆ.

ಲಿನಕ್ಸ್ ಹಾಕಿದ ಹಳೆಯ ಯಂತ್ರವಾದರೆ ಎಂಪಿವಿ ಎಂಬ ಪ್ಲೇಯರು ಇನ್ನೂ ಹಗುರ, ನನಗೆ ಅದೇ ಇಷ್ಟ. ವಿಂಡೋಸ್‌ನಲ್ಲಿ, ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ವಿಎಲ್‌ಸಿಗಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ. ಕೋಡೆಕ್ ಪ್ಯಾಕ್ ಬೇಡವೇ ಬೇಡ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಫೈಲಿನ ಬಾಲದ ಅಕ್ಷರಗಳು ಕಾಣುವಂತೆ ಮಾಡಿಕೊಂಡರೆ, ಎವಿಐ ಎಂದು ತೋರಿ ಕೊನೆಯಲ್ಲಿ ಇಎಕ್ಸ್‌ಇ ಇರುವ ಫೈಲು ಮೊದಲೇ ಸಿಕ್ಕಿಬೀಳುತ್ತದೆ. ಮದುವೆಯ ಡಿಸ್ಕನ್ನು ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಅಲ್ಲಿಂದ ನೋಡಿ, ಪ್ರತಿ ಸಲ ಡಿಸ್ಕನ್ನು ಕೈಯಲ್ಲಿ ಹಿಡಿದು ಹಾಕಿ ತೆಗೆದರೆ ಗೀರು ಬೀಳುವ ಸಾಧ್ಯತೆ ಹೆಚ್ಚುತ್ತದೆ. ಎಂಪಿ4ಕ್ಕೆ ಬದಲಿಸಿದ ಮೇಲೂ ಮೂಲ ಡಿಎಟಿ ಫೈಲನ್ನು ಅಳಿಸಬೇಡಿ. ಮೊದಲೇ ಹಿಂಡಿ ಸಣ್ಣದು ಮಾಡಿದ ಚಿತ್ರ ಅದು, ಮತ್ತೊಮ್ಮೆ ಹಿಂಡಿದಾಗ ಮುಖಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ವಿವರವೂ ಕರಗುತ್ತದೆ.